ಹೈವೋಲ್ಟೇಜ್ ಬ್ರೇಕರ್‌ನ ಆರ್ಕಿಂಗ್ ಕಾಂಟ್ಯಾಕ್ಟ್: ತಾಮ್ರ-ಟಂಗ್‌ಸ್ಟನ್ ತುದಿಯನ್ನು ತಾಮ್ರದ ಬುಡಕ್ಕೆ ಬ್ರೇಜ್ ಮಾಡುವ ಸಮಗ್ರ ಮಾರ್ಗದರ್ಶಿ

ಹೈವೋಲ್ಟೇಜ್ ಸರ್ಕಿಟ್ ಬ್ರೇಕರ್‌ನ ಒಡಲಲ್ಲಿ ಎರಡು ಬಗೆಯ ಕಾಂಟ್ಯಾಕ್ಟ್‌ಗಳು ಜೊತೆಯಾಗಿ ಕೆಲಸ ಮಾಡುತ್ತವೆ. ಬ್ರೇಕರ್ ಮುಚ್ಚಿರುವಷ್ಟು ಹೊತ್ತೂ ವಿದ್ಯುತ್ತನ್ನು ಹೊರುವುದು ಬೆಳ್ಳಿ ಲೇಪಿಸಿದ ಮುಖ್ಯ ಕಾಂಟ್ಯಾಕ್ಟ್. ಬ್ರೇಕರ್ ತೆರೆಯುವಾಗ ಅದು ಮೊದಲು ಬೇರ್ಪಡುತ್ತದೆ, ಆರ್ಕಿಂಗ್ ಕಾಂಟ್ಯಾಕ್ಟ್ ಕೊನೆಯಲ್ಲಿ ಬೇರ್ಪಡುತ್ತದೆ; ಆದ್ದರಿಂದ ಆರ್ಕ್‌ನ ಹೊಡೆತವೆಲ್ಲ (ಕಾಂಟ್ಯಾಕ್ಟ್‌ಗಳು ಬೇರ್ಪಡುವಾಗ ಅವುಗಳ ನಡುವೆ ಹೊತ್ತುವ ವಿದ್ಯುತ್ ಜ್ವಾಲೆಯೇ ಆರ್ಕ್) ಬೀಳುವುದು ಈ ಎರಡನೆಯದರ ಮೇಲೆ. ಆರ್ಕ್‌ನ ನಡುಭಾಗದ ಉಷ್ಣಾಂಶ ಹತ್ತು ಸಾವಿರ ಡಿಗ್ರಿಯನ್ನು ದಾಟುತ್ತದೆ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಳ್ಳಿ 962ರಲ್ಲಿ, ಟಂಗ್‌ಸ್ಟನ್ 3422ರಲ್ಲಿ. ಹೀಗಾಗಿ ಆರ್ಕ್ ತಗಲುವ ತುದಿಯನ್ನು ತಾಮ್ರ-ಟಂಗ್‌ಸ್ಟನ್‌ನಿಂದ ಮಾಡುತ್ತಾರೆ. ರಂಧ್ರಮಯವಾದ ಟಂಗ್‌ಸ್ಟನ್ ಹಂದರವೊಂದನ್ನು ಸಿದ್ಧಪಡಿಸಿ, ಕರಗಿದ ತಾಮ್ರವನ್ನು ಅದಕ್ಕೆ ಕುಡಿಸಿ ತಯಾರಿಸುವ ಈ ವಸ್ತುವಿನಲ್ಲಿ ತೂಕದ ಲೆಕ್ಕದಲ್ಲಿ ಸಾಮಾನ್ಯವಾಗಿ ಶೇಕಡಾ 20ರಿಂದ 30ರಷ್ಟು ತಾಮ್ರವಿರುತ್ತದೆ. ಆದರೆ ಇಡೀ ಕಾಂಟ್ಯಾಕ್ಟನ್ನು ಇದರಿಂದಲೇ ಮಾಡುವಂತಿಲ್ಲ. ಇದು ಭಾರದ ವಸ್ತು, ತಾಮ್ರದ ಅರ್ಧಕ್ಕಿಂತ ಕಡಿಮೆ ವಿದ್ಯುತ್ ವಾಹಕತೆಯುಳ್ಳದ್ದು, ಸ್ಪ್ರಿಂಗಿನಂತೆ ಬಾಗಬೇಕಾದ ಬೆರಳುಗಳನ್ನು (ಉದ್ದನೆಯ ಪಟ್ಟಿಗಳನ್ನು) ಇದರಿಂದ ಸೀಳಲು ಬರುವುದಿಲ್ಲ. ಆದ್ದರಿಂದ ತುದಿ ಮಾತ್ರ ತಾಮ್ರ-ಟಂಗ್‌ಸ್ಟನ್, ಬುಡ ತಾಮ್ರ ಅಥವಾ ತಾಮ್ರದ ಮಿಶ್ರಲೋಹ, ಇವೆರಡರ ನಡುವೆ ಒಂದು ಜೋಡು. ಆ ಜೋಡನ್ನು ಬ್ರೇಜಿಂಗ್‌ನಿಂದ, ಅಂದರೆ ಎರಡೂ ಭಾಗಗಳನ್ನು ಕರಗಿಸದೆ ನಡುವೆ ಬೆಸುಗೆ ಲೋಹವನ್ನಷ್ಟೇ ಕರಗಿಸಿ ಹರಿಸುವ ವಿಧಾನದಿಂದ, ಹೇಗೆ ಮಾಡಬೇಕು ಎಂಬುದೇ ಇಲ್ಲಿನ ವಿಷಯ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಲೆಕ್ಕವನ್ನು ನೋಡಿಬಿಡೋಣ, ಏಕೆಂದರೆ ಮುಂದಿನ ಎಲ್ಲ ಹಂತಗಳ ಹಿಂದೆ ಇರುವುದು ಅದೇ. ಜೋಡಿನ ಮುಖದ ವಿಸ್ತೀರ್ಣ 1000 ಚದರ ಮಿಲಿಮೀಟರ್, ಬೆಸುಗೆ ಲೋಹದ ದಪ್ಪ 0.05 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಆ ಬೆಸುಗೆ ಲೋಹದ ವಿದ್ಯುತ್ ನಿರೋಧ ತಾಮ್ರಕ್ಕಿಂತ ಹತ್ತು ಪಟ್ಟು ಹೆಚ್ಚಿದ್ದರೂ ಆ ಪದರದ ರೋಧ 0.01 ಮೈಕ್ರೋ ಓಮ್‌ಗಿಂತ ಕಡಿಮೆ. ಜೋಡಿನ ಅರ್ಧ ಭಾಗ ಟೊಳ್ಳಾಗಿದ್ದರೆ ಆ ಪದರದ ರೋಧ ಇಮ್ಮಡಿಯಾಗಿ 0.02ರ ಆಸುಪಾಸಿಗೆ ಬರುತ್ತದೆ. ಬ್ರೇಕರ್‌ನ ಒಂದು ಪೋಲ್‌ನ (ಒಂದು ಫೇಸ್‌ನ ಭಾಗದ) ಒಟ್ಟು ರೋಧ ಹತ್ತಾರು ಮೈಕ್ರೋ ಓಮ್ ಇರುವಾಗ ಈ ವ್ಯತ್ಯಾಸ ಯಾವ ಮೀಟರಿನ ಕಣ್ಣಿಗೂ ಬೀಳುವುದಿಲ್ಲ. ಅಂದರೆ ಮೈಕ್ರೋ ಓಮ್ ಪರೀಕ್ಷೆಯಲ್ಲಿ ಪಾಸಾದ ಜೋಡು ಒಳಗೆ ಅರ್ಧಂಬರ್ಧ ಕೂಡಿಕೊಂಡಿರಬಹುದು. ಆರ್ಕ್‌ನ ಬಿಸಿ ತುದಿಯಿಂದ ಬುಡಕ್ಕೆ ಇಳಿಯಲು ದಾರಿ ಸಾಲದೆ ಹೋಗುವುದು, ಸೆಕೆಂಡಿಗೆ ಹಲವು ಮೀಟರ್ ವೇಗದಲ್ಲಿ ಚಲಿಸುವ ಕಾಂಟ್ಯಾಕ್ಟಿನ ತುದಿ ಬುಡದಿಂದ ಕಳಚಿಕೊಳ್ಳುವುದು, ಇವೇ ಇಲ್ಲಿನ ನಿಜವಾದ ಅಪಾಯಗಳು. ಆದ್ದರಿಂದ ನಾವು ಗುರಿಯಿಡಬೇಕಾದದ್ದು ಮುಖದ ಪೂರ್ಣ ವಿಸ್ತೀರ್ಣ ಕೂಡಿಕೊಳ್ಳುವುದರ ಮೇಲೆ; ರೋಧದ ಅಂಕಿ ಎರಡನೆಯ ಮಾತು.

ಯಾವ ವಿಧಾನ, ಯಾವಾಗ

ಈ ಜೋಡನ್ನು ಬ್ರೇಜಿಂಗ್‌ನಿಂದಲೇ ಮಾಡಬೇಕೆಂದೇನೂ ಇಲ್ಲ. ತಾಮ್ರ-ಟಂಗ್‌ಸ್ಟನ್ ತುದಿಯ ಮೇಲೆಯೇ ಕರಗಿದ ತಾಮ್ರವನ್ನು ನಿರ್ವಾತದಲ್ಲೋ ಹೈಡ್ರೋಜನ್‌ನಲ್ಲೋ ಎರಕ ಹೊಯ್ದರೆ ನಡುವೆ ಬೇರೆ ಲೋಹವೇ ಇರುವುದಿಲ್ಲ, ತುದಿಯೊಳಗಿನ ತಾಮ್ರ ಮತ್ತು ಬುಡದ ತಾಮ್ರ ಒಂದೇ ಆಗಿಬಿಡುತ್ತವೆ. ಎಲೆಕ್ಟ್ರಾನ್ ಬೀಮ್ ವೆಲ್ಡಿಂಗ್ ಮತ್ತು ಘರ್ಷಣೆ ವೆಲ್ಡಿಂಗ್‌ಗಳು ಬಿಸಿಯನ್ನು ಜೋಡಿನ ಬಳಿಯಲ್ಲೇ ಹಿಡಿದಿಡುವುದರಿಂದ ಬುಡದ ಗಡಸುತನ ಉಳಿಯುತ್ತದೆ. ಅತಿ ಹೆಚ್ಚಿನ ವೋಲ್ಟೇಜ್‌ನ ಬ್ರೇಕರ್‌ಗಳಿಗೆ, ದೊಡ್ಡ ಸಂಖ್ಯೆಯ ಉತ್ಪಾದನೆಗೆ ಇವು ಒಳ್ಳೆಯ ಆಯ್ಕೆಗಳೇ ಸರಿ. ಆದರೆ ಇವಕ್ಕೆಲ್ಲ ದುಬಾರಿ ಯಂತ್ರಗಳು ಬೇಕು. ಇಂಡಕ್ಷನ್ ಬ್ರೇಜಿಂಗ್ (ಸುತ್ತಲಿನ ವಿದ್ಯುತ್ ಸುರುಳಿಯ ಕಾಂತಕ್ಷೇತ್ರದಿಂದ ಕಾಯಿಸುವುದು) ಮತ್ತು ನಿರ್ವಾತ ಕುಲುಮೆಯ ಬ್ರೇಜಿಂಗ್ ಬಗೆಬಗೆಯ ಆಕಾರಗಳಿಗೆ, ಸಣ್ಣ ಸಂಖ್ಯೆಯ ಕೆಲಸಕ್ಕೂ ಒಗ್ಗುತ್ತವೆ. ಎಚ್ಚರದಿಂದ ಮಾಡಿದರೆ ಜೋಡು ಬುಡದ ಮೆತ್ತನೆಯ ತಾಮ್ರಕ್ಕಿಂತ ಗಟ್ಟಿಯಾಗಿರುತ್ತದೆ. ಗ್ಯಾಸ್ ಟಾರ್ಚ್‌ನಿಂದ ಈ ಕೆಲಸವನ್ನು ಮಾಡಬಾರದೆಂಬುದು ನನ್ನ ಅಭಿಪ್ರಾಯ. ಟಾರ್ಚ್ ಜ್ವಾಲೆಯ ಬಿಸಿ ಒಂದೇ ಸಮ ಇರುವುದಿಲ್ಲ, ಒಂದು ತುಣುಕಿಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ, ಹೈವೋಲ್ಟೇಜ್ ಭಾಗಕ್ಕೆ ಬೇಕಾದ ದಾಖಲೆಯನ್ನೂ ಅದರಿಂದ ಕೊಡಲಾಗುವುದಿಲ್ಲ.

ಹಂತ 1: ಬುಡದ ತಾಮ್ರವನ್ನು ಸರಿಯಾಗಿ ಆರಿಸುವುದು

ವಿದ್ಯುತ್ ಕೆಲಸದಲ್ಲಿ ಎಲ್ಲೆಡೆ ಸಿಗುವ ಸಾಮಾನ್ಯ ಎಲೆಕ್ಟ್ರೋಲಿಟಿಕ್ ತಾಮ್ರದೊಳಗೆ ಸ್ವಲ್ಪ ಆಮ್ಲಜನಕ ತಾಮ್ರದ ಆಕ್ಸೈಡ್ ರೂಪದಲ್ಲಿ ಉಳಿದಿರುತ್ತದೆ. ಆ ತಾಮ್ರವನ್ನು ಹೈಡ್ರೋಜನ್ ಇರುವ ವಾತಾವರಣದಲ್ಲಿ ಕಾಯಿಸಿದರೆ ಹೈಡ್ರೋಜನ್ ಲೋಹದೊಳಕ್ಕೆ ನುಸುಳಿ ಆಕ್ಸೈಡ್ ಜೊತೆ ಸೇರಿ ನೀರಾವಿಯಾಗುತ್ತದೆ. ಹೊರಬರಲು ದಾರಿಯಿಲ್ಲದ ಆ ಆವಿ ಲೋಹದ ಕಣಗಳ ಅಂಚುಗಳನ್ನು ಒಳಗಿನಿಂದಲೇ ಬಿರಿಯುವಂತೆ ಮಾಡುತ್ತದೆ. ಹೊರನೋಟಕ್ಕೆ ಏನೂ ಆಗದಂತೆ ಕಾಣುವ ತುಣುಕು ಬಾಗಿಸಿದಾಗ ಪುಡಿಪುಡಿಯಾಗಿ ಬಿರುಕು ಬಿಡುತ್ತದೆ. ಆದ್ದರಿಂದ ಹೈಡ್ರೋಜನ್ ಕುಲುಮೆಯಲ್ಲಿ ಬ್ರೇಜ್ ಮಾಡುವ ಭಾಗಗಳಿಗೆ ಆಮ್ಲಜನಕರಹಿತ ತಾಮ್ರವನ್ನೇ ಬಳಸಬೇಕು. ರಂಜಕ ಹಾಕಿ ಆಮ್ಲಜನಕ ತೆಗೆದ ತಾಮ್ರವೂ ಈ ಬಿರುಕಿನಿಂದ ಪಾರಾಗುತ್ತದೆ, ಆದರೆ ಅದರಲ್ಲಿ ಉಳಿದ ರಂಜಕ ವಾಹಕತೆಯನ್ನು ಕುಗ್ಗಿಸುತ್ತದೆ. ಸರಬರಾಜುದಾರರು ಕೊಟ್ಟ ಪ್ರಮಾಣಪತ್ರದಲ್ಲಿ ತಾಮ್ರದ ದರ್ಜೆಯನ್ನು ಓದಿ ಖಚಿತಪಡಿಸಿಕೊಳ್ಳದೆ ಒಂದು ತುಣುಕನ್ನೂ ಕುಲುಮೆಗೆ ಕಳಿಸಬೇಡಿ.

ಬುಡವೇ ಸ್ಪ್ರಿಂಗಿನಂತೆ ವರ್ತಿಸಬೇಕಾದ ಕಡೆ, ಅಂದರೆ ಸೀಳುಗಳುಳ್ಳ ಟ್ಯುಲಿಪ್ ಕಾಂಟ್ಯಾಕ್ಟ್‌ನಲ್ಲಿ, ತಾಮ್ರ-ಕ್ರೋಮಿಯಂ-ಜಿರ್ಕೋನಿಯಂ ಮಿಶ್ರಲೋಹವನ್ನು ಬಳಸುತ್ತಾರೆ. ಈ ಲೋಹ ತನ್ನ ಗಡಸುತನವನ್ನು ಪಡೆಯುವುದು ಎರಡು ಹಂತದ ಉಷ್ಣ ಸಂಸ್ಕಾರದಿಂದ: ಮೊದಲು 1000 ಡಿಗ್ರಿಯ ಸಮೀಪ ಕಾಯಿಸಿ ಥಟ್ಟನೆ ತಣಿಸುವುದು, ಬಳಿಕ 450ರಿಂದ 500 ಡಿಗ್ರಿಯಲ್ಲಿ ಕೆಲವು ಗಂಟೆ ಹದಗೊಳಿಸುವುದು. ಬ್ರೇಜಿಂಗ್‌ನ 650ರಿಂದ 820 ಡಿಗ್ರಿ ಈ ಎರಡರ ನಡುವೆ ಬೀಳುತ್ತದೆ. ಅಲ್ಲಿ ಲೋಹ ಮೆತ್ತಗಾಗುತ್ತದೆ, ಮತ್ತೆ ಹದಗೊಳಿಸಿದರೂ ಪೂರ್ತಿ ಗಡಸುತನ ಮರಳುವುದಿಲ್ಲ. ಹಾಗಾಗಿ ಇಂತಹ ಬುಡವನ್ನು ಇಡಿಯಾಗಿ ಕುಲುಮೆಗೆ ಹಾಕುವುದು ತಪ್ಪು. ಬೆರಳುಗಳ ಭಾಗವನ್ನು ನೀರಿನಿಂದ ತಂಪಾಗುವ ತಾಮ್ರದ ಚಕ್‌ನಲ್ಲಿ ಹಿಡಿದು, ಜೋಡಿನ ಭಾಗವನ್ನು ಮಾತ್ರ ಇಂಡಕ್ಷನ್‌ನಿಂದ ಬೇಗ ಕಾಯಿಸಬೇಕು. ಅದು ಸಾಧ್ಯವಾಗದಷ್ಟು ಜೋಡು ಬೆರಳುಗಳಿಗೆ ಹತ್ತಿರವಿದ್ದರೆ ಎಲೆಕ್ಟ್ರಾನ್ ಬೀಮ್‌ನ ಕಡೆಗೆ ಹೋಗುವುದೇ ಸರಿ.

ಹಂತ 2: ಬೆಸುಗೆ ಲೋಹ

ಬೆಸುಗೆ ಲೋಹಗಳನ್ನು ಐಎಸ್‌ಒ 17672 ಮಾನದಂಡ ವರ್ಗೀಕರಿಸುತ್ತದೆ. ನಿರ್ವಾತ ಕುಲುಮೆಗೆ ಹೆಚ್ಚು ಹೊಂದುವುದು ಅದರಲ್ಲಿ ಎಜಿ 272 ಎಂದು ಕರೆಯುವ, ಶೇಕಡಾ 72 ಬೆಳ್ಳಿ ಮತ್ತು 28 ತಾಮ್ರವಿರುವ ಮಿಶ್ರಣ. ಇದು ಸುಮಾರು 780 ಡಿಗ್ರಿಯ ಒಂದೇ ಬಿಂದುವಿನಲ್ಲಿ ಕರಗುತ್ತದೆ. ಅರೆ ಕರಗಿದ ಗಂಜಿಯ ಸ್ಥಿತಿ ಇದಕ್ಕಿಲ್ಲ. ವಾಹಕತೆ ಉತ್ತಮ, ಸತು-ಕ್ಯಾಡ್ಮಿಯಂಗಳ ಸುಳಿವಿಲ್ಲ. ಸತು 907 ಡಿಗ್ರಿಯಲ್ಲಿ, ಕ್ಯಾಡ್ಮಿಯಂ 767ರಲ್ಲಿ ಕುದಿಯುವ ಲೋಹಗಳಾದ್ದರಿಂದ ನಿರ್ವಾತದಲ್ಲಿ ಅವು ಇನ್ನೂ ಕಡಿಮೆ ಬಿಸಿಯಲ್ಲೇ ಆವಿಯಾಗಿ ಕುಲುಮೆಯ ಗೋಡೆಗಳಿಗೆಲ್ಲ ಮೆತ್ತಿಕೊಳ್ಳುತ್ತವೆ. ಇವು ಸೇರಿದ ಬೆಸುಗೆಯನ್ನು ನಿರ್ವಾತ ಕುಲುಮೆಯ ಹತ್ತಿರವೂ ತರಬಾರದು.

ಗಾಳಿಯಲ್ಲಿ ಫ್ಲಕ್ಸ್ (ಲೋಹದ ಮುಖದ ಆಕ್ಸೈಡನ್ನು ಕರಗಿಸಿ ತೆಗೆಯುವ ರಾಸಾಯನಿಕ ಲೇಪ) ಹಚ್ಚಿ ಇಂಡಕ್ಷನ್‌ನಿಂದ ಮಾಡುವ ಕೆಲಸಕ್ಕೆ ಸತು ಸೇರಿದ ಬೆಳ್ಳಿ ಬೆಸುಗೆಗಳು ಅನುಕೂಲ. ಶೇಕಡಾ 56 ಬೆಳ್ಳಿಯುಳ್ಳ ಎಜಿ 156 ಸುಮಾರು 620ರಿಂದ 655 ಡಿಗ್ರಿಯ ನಡುವೆ ಕರಗಿ ನೀರಿನಂತೆ ಹರಿಯುತ್ತದೆ, ಬುಡಕ್ಕೆ ತಗಲುವ ಬಿಸಿಯೂ ಕಡಿಮೆ. ಆದರೆ ಟಂಗ್‌ಸ್ಟನ್ ಕಣಗಳನ್ನು ನೆನೆಸುವ ಶಕ್ತಿ ಅದಕ್ಕೆ ಅಷ್ಟಾಗಿ ಇಲ್ಲ. ನಿಕ್ಕಲ್ ಮತ್ತು ಮ್ಯಾಂಗನೀಸ್ ಸೇರಿದ, ಶೇಕಡಾ 49 ಬೆಳ್ಳಿಯುಳ್ಳ ಎಜಿ 449 ಕಾರ್ಬೈಡ್ ಉಪಕರಣಗಳ ಬ್ರೇಜಿಂಗ್‌ಗೆ ಬಳಕೆಯಲ್ಲಿರುವುದು. ಟಂಗ್‌ಸ್ಟನ್ ಮೇಲೂ ಚೆನ್ನಾಗಿ ಹರಡಿಕೊಳ್ಳುತ್ತದೆ. ಫ್ಲಕ್ಸ್ ಮಾರ್ಗ ಹಿಡಿಯುವುದಾದರೆ ನಾನು ಇದನ್ನೇ ಮೊದಲು ಪರಿಗಣಿಸುತ್ತೇನೆ.

ತಾಮ್ರಕ್ಕೆ ತಾಮ್ರ ಕೂಡಿಸುವಾಗ ಎಲ್ಲರೂ ಕೈಹಾಕುವ ರಂಜಕದ ಬೆಸುಗೆ, ಅಂದರೆ ಶೇಕಡಾ 15 ಬೆಳ್ಳಿ ಮತ್ತು 5 ರಂಜಕವುಳ್ಳ ಸಿಯುಪಿ 284, ಇಲ್ಲಿ ಬೇಡ. ತಾಮ್ರದ ಮೇಲೆ ಫ್ಲಕ್ಸ್ ಇಲ್ಲದೆಯೇ ಹರಿಯುತ್ತದೆ ಎಂಬ ಸೌಕರ್ಯ ನಿಜ. ಆದರೆ ನಿಕ್ಕಲ್ ಲೇಪನವಿದ್ದಲ್ಲಿ, ಉಕ್ಕು ಇದ್ದಲ್ಲಿ ರಂಜಕ ಅದರೊಡನೆ ಸೇರಿ ಗಾಜಿನಂತೆ ಒಡೆಯುವ ಪದರವನ್ನು ಕಟ್ಟುತ್ತದೆ. ಗಂಧಕವಿರುವ ಬಿಸಿ ಅನಿಲಗಳಿಗೂ ಅದು ತಾಳಿಕೊಳ್ಳುವುದಿಲ್ಲ. ಬ್ರೇಕರ್‌ನೊಳಗೆ ತುಂಬುವ ಎಸ್‌ಎಫ್6 (ಸಲ್ಫರ್ ಹೆಕ್ಸಾಫ್ಲೋರೈಡ್) ಅನಿಲ ಆರ್ಕ್‌ನಲ್ಲಿ ಒಡೆದು ಗಂಧಕದ ಸಂಯುಕ್ತಗಳನ್ನು ಕೊಡುತ್ತದೆಂಬುದನ್ನು ನೆನಪಿಟ್ಟರೆ ಈ ನಿರಾಕರಣೆಯ ಕಾರಣ ತಿಳಿಯುತ್ತದೆ. ಕ್ಯಾಡ್ಮಿಯಂ ಬೆಸುಗೆಯ ಹೊಗೆ ಪ್ರಾಣಾಂತಕ, ಹಳೆಯ ದಾಸ್ತಾನಿನಲ್ಲಿ ಉಳಿದಿದ್ದರೂ ಬಳಸಬೇಡಿ.

ಹಂತ 3: ಜೋಡಿನ ಆಕಾರ ಮತ್ತು ಸಂದು

ಬ್ರೇಜಿಂಗ್ ನಡೆಯುವುದು ಕಿರಿದಾದ ಸಂದಿನೊಳಗೆ ದ್ರವ ತಾನಾಗಿ ಸೆಳೆದುಕೊಳ್ಳುವ ಗುಣದಿಂದ. ಫ್ಲಕ್ಸ್ ಬಳಸುವಾಗ ಸಂದು 0.05ರಿಂದ 0.12 ಮಿಲಿಮೀಟರ್ ಇರಲಿ. ನಿರ್ವಾತದಲ್ಲಿ ಅದಕ್ಕಿಂತ ಕಿರಿದು, 0.05 ಮಿಲಿಮೀಟರ್‌ವರೆಗೆ. ಇಲ್ಲೊಂದು ಸೂಕ್ಷ್ಮವಿದೆ: ಈ ಅಂಕಿಗಳು ಬೆಸುಗೆ ಹರಿಯುವ ಉಷ್ಣಾಂಶದಲ್ಲಿನ ಸಂದಿನವು, ಡ್ರಾಯಿಂಗಿನಲ್ಲಿ ಅಳೆಯುವ ತಣ್ಣನೆಯ ಸಂದಿನವಲ್ಲ. ಒಂದೇ ಬಗೆಯ ಲೋಹಗಳಾಗಿದ್ದರೆ ಎರಡೂ ಒಂದೇ. ಇಲ್ಲಿ ಹಾಗಲ್ಲ.

ತಾಮ್ರ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 17 ಮೈಕ್ರಾನ್ ಹಿಗ್ಗುತ್ತದೆ, ಶೇಕಡಾ 20ರಿಂದ 30 ತಾಮ್ರವಿರುವ ತಾಮ್ರ-ಟಂಗ್‌ಸ್ಟನ್ 8ರಿಂದ 10 ಮೈಕ್ರಾನ್ ಮಾತ್ರ. 30 ಮಿಲಿಮೀಟರ್ ವ್ಯಾಸದ ತಾಮ್ರ-ಟಂಗ್‌ಸ್ಟನ್ ತುದಿ ತಾಮ್ರದ ಗುಳಿಯೊಳಗೆ ಕೂರುತ್ತದೆ ಎಂದುಕೊಳ್ಳಿ. 700 ಡಿಗ್ರಿಗೆ ಕಾಯುವಷ್ಟರಲ್ಲಿ ಗುಳಿಯ ವ್ಯಾಸ ತುದಿಯ ವ್ಯಾಸಕ್ಕಿಂತ ಸುಮಾರು 0.16 ಮಿಲಿಮೀಟರ್ ಹೆಚ್ಚು ಹಿಗ್ಗಿರುತ್ತದೆ, ಅಂದರೆ ಒಂದೊಂದು ಬದಿಗೆ 0.08. ತಣ್ಣಗಿರುವಾಗ ತುದಿ ಗುಳಿಯಲ್ಲಿ ಅಲುಗಾಡದೆ ಜಾರಿ ಕೂರುವಂತಿದ್ದರೆ ಸಾಕು, ಬಿಸಿಯಲ್ಲಿ ಸಂದು ತಾನಾಗಿ ಹದಕ್ಕೆ ಬರುತ್ತದೆ. ಸಾಮಾನ್ಯ ತಾಮ್ರದ ಕೆಲಸದ ರೂಢಿಯಂತೆ ತಣ್ಣಗಿರುವಾಗಲೇ ಬದಿಗೆ 0.1 ಬಿಟ್ಟರೆ ಬಿಸಿಯಲ್ಲಿ ಅದು ಇಮ್ಮಡಿಯಾಗಿ ಬೆಸುಗೆ ಸಂದಿನಲ್ಲಿ ನಿಲ್ಲದೆ ಸೋರಿಹೋಗುತ್ತದೆ.

ತುದಿ ಉಂಗುರದಂತಿದ್ದು ತಾಮ್ರದ ಮುಂಚಾಚಿನ ಹೊರಗೆ ಕೂರುವಂತಿದ್ದರೆ ಲೆಕ್ಕ ತಲೆಕೆಳಗು. ಕಾಯುವಾಗ ತಾಮ್ರ ಹಿಗ್ಗಿ ಸಂದು ಮುಚ್ಚಿಹೋಗುತ್ತದೆ, ಬೆಸುಗೆಗೆ ಜಾಗವೇ ಉಳಿಯುವುದಿಲ್ಲ, ಕೆಲವೊಮ್ಮೆ ಉಂಗುರವೇ ಸೀಳುತ್ತದೆ. ತಣಿಯುವಾಗ ತಾಮ್ರ ಕುಗ್ಗಿ ಉಂಗುರದಿಂದ ದೂರ ಸರಿಯಲು ಯತ್ನಿಸುವುದರಿಂದ ಬೆಸುಗೆಯ ಮೇಲೆ ಎಳೆತ ಬೀಳುತ್ತದೆ. ತುದಿ ಒಳಗೆ, ತಾಮ್ರ ಹೊರಗೆ ಇದ್ದರೆ ತಣಿಯುವ ತಾಮ್ರ ತುದಿಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಒತ್ತಡವನ್ನು ತಾಮ್ರ-ಟಂಗ್‌ಸ್ಟನ್ ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ವಿನ್ಯಾಸಕಾರರ ಕೈಯಲ್ಲಿ ಆಯ್ಕೆ ಇದ್ದರೆ ತುದಿಯನ್ನು ಒಳಗೇ ಇಡಲಿ. ಉಂಗುರ ಅನಿವಾರ್ಯವಾದಲ್ಲಿ ಚಪ್ಪಟೆ ಮುಖಕ್ಕೆ ಮುಖ ಕೂಡುವಂತೆ ಮಾಡಿ, ನಡುವೆ ಸ್ಥಾನ ಹಿಡಿಯಲು ಗಿಡ್ಡನೆಯ, ಸಡಿಲವಾದ ಮೆಟ್ಟಿಲನ್ನಷ್ಟೇ ಕೊಡಿ.

ತಳ ಮುಚ್ಚಿದ ಗುಳಿಯಾಗಿದ್ದರೆ ಗಾಳಿ ಹೊರಹೋಗಲು 1ರಿಂದ 2 ಮಿಲಿಮೀಟರ್‌ನ ರಂಧ್ರವೊಂದು ಬೇಕೇ ಬೇಕು. ಅದಿಲ್ಲದಿದ್ದರೆ ಒಳಗೆ ಸಿಕ್ಕಿಬಿದ್ದ ಗಾಳಿ ಬಿಸಿಗೆ ಹಿಗ್ಗಿ ತುದಿಯನ್ನು ಮೇಲೆತ್ತುತ್ತದೆ, ಇಲ್ಲವೇ ಕರಗಿದ ಬೆಸುಗೆಯಲ್ಲಿ ಗುಳ್ಳೆಯಾಗಿ ಉಳಿಯುತ್ತದೆ.

ಹಂತ 4: ಮುಖಗಳ ತಯಾರಿ

ತಾಮ್ರದ ಮುಖ ಸುಲಭದ್ದು. ಲೇಥ್‌ನಲ್ಲಿ ಹೊಸದಾಗಿ ಕೊರೆದ ಮುಖವನ್ನು ಅಸಿಟೋನ್‌ನಿಂದ ಎಣ್ಣೆ ತೆಗೆದು, ದುರ್ಬಲ ಗಂಧಕಾಮ್ಲದಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು, ಆಲ್ಕೋಹಾಲ್‌ನಲ್ಲಿ ನೀರು ತೆಗೆದು ಒಣಗಿಸಿದರೆ ಆಯಿತು. ತೀರಾ ನುಣುಪು ಬೇಡ. ಕೊರೆದ ಗೆರೆಗಳು ಬೆಸುಗೆ ಹರಿಯಲು ನೆರವಾಗುತ್ತವೆ.

ತಾಮ್ರ-ಟಂಗ್‌ಸ್ಟನ್‌ನ ಮುಖಕ್ಕೆ ಹೆಚ್ಚು ಗಮನ ಬೇಕು. ಅದನ್ನು ಭೂತಗನ್ನಡಿಯಲ್ಲಿ ನೋಡಿದರೆ ಬೂದು ಟಂಗ್‌ಸ್ಟನ್ ಕಣಗಳ ನಡುವೆ ಕೆಂಪು ತಾಮ್ರದ ಜಾಲ ಕಾಣುತ್ತದೆ. ಬೆಳ್ಳಿ ಬೆಸುಗೆ ಸಲೀಸಾಗಿ ಹಿಡಿಯುವುದು ಆ ತಾಮ್ರವನ್ನು. ಟಂಗ್‌ಸ್ಟನ್ ಮೇಲೆ ಅದು ಹರಡಿಕೊಳ್ಳಲು ಹಿಂಜರಿಯುತ್ತದೆ. ಮೊಂಡಾದ ಟೂಲಿನಿಂದ ಕೊರೆದರೆ ಮೃದುವಾದ ತಾಮ್ರ ಮುಖದ ಮೇಲೆಲ್ಲ ತೆಳ್ಳಗೆ ಬಳಿದುಕೊಂಡು ಮುಖ ಚೆನ್ನಾಗಿರುವಂತೆ ಕಾಣುತ್ತದೆ, ಆದರೆ ಆ ಲೇಪಕ್ಕೆ ಕೆಳಗೆ ಹಿಡಿತವಿರುವುದಿಲ್ಲ. ಗ್ರೈಂಡಿಂಗ್ ಚಕ್ರದ ಕಣಗಳು ತಾಮ್ರದೊಳಗೆ ಹುದುಗಿಕೊಂಡರೂ ಅದೇ ತೊಂದರೆ. ಆದ್ದರಿಂದ ಹರಿತವಾದ ಕಾರ್ಬೈಡ್ ಟೂಲಿನಿಂದ ಕೊನೆಯ ಕೊರೆತವನ್ನು ಒಣದಾಗಿ ಇಲ್ಲವೇ ನೀರಿನಲ್ಲಿ ಕರಗುವ ಕೂಲೆಂಟ್‌ನಿಂದ ಮಾಡಿ, ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆಯಬೇಕು. ಈ ವಸ್ತುವಿನಲ್ಲಿ ಅಲ್ಪಸ್ವಲ್ಪ ರಂಧ್ರಗಳಿದ್ದರೆ ಎಣ್ಣೆಯನ್ನು ಅವು ಹೀರಿಕೊಂಡು ಕುಲುಮೆಯಲ್ಲಿ ಹೊರಬಿಡುತ್ತವೆ, ಹಾಗಾಗಿ ಎಣ್ಣೆಯ ಕೂಲೆಂಟ್ ಬೇಡ.

ನಿರ್ವಾತದಲ್ಲಿ ಬೆಳ್ಳಿ-ತಾಮ್ರದ ಬೆಸುಗೆ ಬಳಸುವವರಿಗೆ ತಾಮ್ರ-ಟಂಗ್‌ಸ್ಟನ್ ಮುಖಕ್ಕೆ ಕೆಲವೇ ಮೈಕ್ರಾನ್ ದಪ್ಪದ ನಿಕ್ಕಲ್ ಲೇಪನ ಮಾಡಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಬೆಸುಗೆ ಆಗ ಟಂಗ್‌ಸ್ಟನ್ ಮತ್ತು ತಾಮ್ರ ಎಂಬ ಭೇದವಿಲ್ಲದೆ ಮುಖದ ತುಂಬ ಹರಡುತ್ತದೆ. ಲೇಪನದ ಬಳಿಕ ಮುಖವನ್ನು ಬರಿಗೈಯಲ್ಲಿ ಮುಟ್ಟಬಾರದು, ಸಿದ್ಧಪಡಿಸಿದ ಭಾಗಗಳನ್ನು ಆದಷ್ಟು ಬೇಗ ಬ್ರೇಜ್ ಮಾಡಬೇಕು; ತಡವಾಗುವುದಾದರೆ ಒಣ ಸಾರಜನಕದಲ್ಲಿ ಮುಚ್ಚಿಡಬೇಕು.

ಹಂತ 5: ಜೋಡಿಸಿ ನಿಲ್ಲಿಸುವುದು

ಚಪ್ಪಟೆ ಮುಖಕ್ಕೆ 0.1 ಮಿಲಿಮೀಟರ್ ದಪ್ಪದ ಬೆಸುಗೆ ಹಾಳೆಯನ್ನು ಮುಖದ ಅಳತೆಗೆ ಕತ್ತರಿಸಿ, ಅಂಚಿನಲ್ಲಿ ಮಡಿಕೆಯಿಲ್ಲದಂತೆ ನಡುವೆ ಇಡಬೇಕು. ಹಾಳೆಯನ್ನೂ ಅಸಿಟೋನ್‌ನಲ್ಲಿ ಒರೆಸುವುದು ಮರೆಯಬಾರದು. ತುದಿಯ ಮೇಲೆ ಸ್ವಲ್ಪ ಭಾರವಿರಲಿ, ಆದರೆ ಕರಗಿದ ಬೆಸುಗೆಯನ್ನೆಲ್ಲ ಹಿಂಡಿ ಹೊರಹಾಕುವಷ್ಟು ಬೇಡ. ಭಾಗಗಳನ್ನು ಹಿಡಿದಿಡುವ ಫಿಕ್ಸ್ಚರ್‌ಗೆ ಗ್ರಾಫೈಟ್ ಇಲ್ಲವೇ ಸೆರಾಮಿಕ್ ಬಳಸಿ. ಉಕ್ಕಿನ ಫಿಕ್ಸ್ಚರ್ ಆದರೆ ಮೇಲೆ ಆಕ್ಸೈಡ್ ಲೇಪವಿರಲಿ, ಇಲ್ಲದಿದ್ದರೆ ಬೆಸುಗೆ ಅದಕ್ಕೂ ಅಂಟಿಕೊಳ್ಳುತ್ತದೆ. ಭಾಗವನ್ನು ಬಿಗಿಯಾಗಿ ಕಟ್ಟಿಹಾಕುವ ಕ್ಲಾಂಪ್ ಬೇಡ, ಹಿಗ್ಗುವ ತಾಮ್ರಕ್ಕೆ ಸರಿಯಲು ಜಾಗ ಬೇಕು.

ಹಂತ 6: ಕಾಯಿಸುವುದು

ಇಂಡಕ್ಷನ್ ಮಾರ್ಗ. ಫ್ಲೋರೈಡ್ ಸೇರಿದ ಬ್ರೇಜಿಂಗ್ ಫ್ಲಕ್ಸ್, ಅದರಲ್ಲೂ ಟಂಗ್‌ಸ್ಟನ್ ಕೆಲಸಕ್ಕೆ ಬೋರಾನ್ ಬೆರೆಸಿದ ಕಂದು ಬಣ್ಣದ್ದು, ಎರಡೂ ಮುಖಗಳಿಗೆ ಮತ್ತು ಜೋಡಿನ ಹೊರ ಅಂಚಿಗೆ ತೆಳುವಾಗಿ ಹಚ್ಚಬೇಕು. ಹೊಗೆ ಎಳೆಯುವ ವ್ಯವಸ್ಥೆಯಿಲ್ಲದೆ ಈ ಕೆಲಸವನ್ನು ಆರಂಭಿಸಬಾರದು, ಫ್ಲೋರೈಡ್ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಕೆಡುಕು.

10 ಕಿಲೋಹರ್ಟ್ಸ್‌ನಲ್ಲಿ ಇಂಡಕ್ಷನ್‌ನ ವಿದ್ಯುತ್ ತಣ್ಣನೆಯ ತಾಮ್ರದೊಳಗೆ ಸುಮಾರು 0.66 ಮಿಲಿಮೀಟರ್ ಆಳಕ್ಕಷ್ಟೇ ಇಳಿಯುತ್ತದೆ. ಒಳಗಿನ ಭಾಗ ಕಾಯುವುದು ಹೊರಪದರದಿಂದ ಹರಿದುಬಂದ ಬಿಸಿಯಿಂದ. ವಿದ್ಯುತ್ ನಿರೋಧ ಹೆಚ್ಚಿರುವ ತಾಮ್ರ-ಟಂಗ್‌ಸ್ಟನ್ ಬೇಗ ಕಾಯುತ್ತದೆ, ದಪ್ಪನೆಯ ತಾಮ್ರದ ಬುಡ ಬಿಸಿಯನ್ನು ಕೆಳಗೆ ಹರಿಸುತ್ತ ಹಿಂದೆ ಉಳಿಯುತ್ತದೆ. ಹಾಗಾಗಿ ಕಾಯಿಲನ್ನು (ಇಂಡಕ್ಷನ್ ಸುರುಳಿಯನ್ನು) ಜೋಡಿನ ಗೆರೆಯ ಮೇಲೆ ನಡುವಾಗಿ ಇಡದೆ ಬುಡದ ಕಡೆಗೆ ಸರಿಸಿ ಇಡಬೇಕು. ಶಕ್ತಿಯನ್ನು ಮೊದಲು ಕಡಿಮೆ ಕೊಟ್ಟು, ಬಿಸಿ ಒಳಕ್ಕೆ ಇಳಿಯಲು ಸಮಯ ಬಿಟ್ಟು, ಕೊನೆಯಲ್ಲಿ ಏರಿಸಬೇಕು.

ಈ ಹೊತ್ತಿನಲ್ಲಿ ಕಣ್ಣು ಫ್ಲಕ್ಸ್ ಮೇಲೆ ಇರಲಿ. 100 ಡಿಗ್ರಿಯ ಬಳಿ ಅದರ ನೀರು ಕುದಿದು ಉಬ್ಬುತ್ತದೆ, ಬಳಿಕ ಒಣ ಪುಡಿಯಂತಾಗುತ್ತದೆ, ಮುಂದೆ ಮತ್ತೆ ಕರಗುತ್ತ ನೊರೆಗಟ್ಟುತ್ತದೆ, 600 ಡಿಗ್ರಿಯ ಹತ್ತಿರ ನೊರೆ ಅಡಗಿ ತೆಳ್ಳನೆಯ ದ್ರವವಾಗಿ ಲೋಹಕ್ಕೆ ಅಂಟಿ ಹರಿಯುತ್ತದೆ. ಬೆಸುಗೆಗೆ ಹದ ಹತ್ತಿರ ಬಂದಿದೆ ಎಂಬುದರ ಗುರುತು ಅದು. ತುಸು ಹೊತ್ತಿನಲ್ಲಿ ಅಂಚಿನ ಸುತ್ತ ಬೆಳ್ಳಿಯ ಹೊಳಪಿನ ಗೆರೆಯೊಂದು ಥಟ್ಟನೆ ಕಾಣಿಸಿಕೊಳ್ಳುತ್ತದೆ. ಆಗ ಸೆರಾಮಿಕ್ ಕಡ್ಡಿಯಿಂದ ತುದಿಯನ್ನು ಒಂದು ಮಿಲಿಮೀಟರ್‌ನಷ್ಟು ಅತ್ತಿತ್ತ ಸರಿಸಿ ಅಥವಾ ತುಸು ತಿರುಗಿಸಿ, ಮೇಲಿನಿಂದ ಮೆತ್ತಗೆ ಒತ್ತಿ ಸ್ಥಾನಕ್ಕೆ ತರಬೇಕು. ಸಂದಿನಲ್ಲಿ ಸಿಲುಕಿದ ಫ್ಲಕ್ಸ್ ಮತ್ತು ಅನಿಲ ಹೊರಬರಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕೂಡಿಕೊಂಡ ವಿಸ್ತೀರ್ಣ ಹೆಚ್ಚಾಗಲು ಈ ಕೆಲವೇ ಸೆಕೆಂಡುಗಳ ಸರಿಸುವಿಕೆ ಬಹಳ ನೆರವಾಗುತ್ತದೆ. ಇದನ್ನು ಬಿಟ್ಟರೆ ದೊಡ್ಡ ಚಪ್ಪಟೆ ಮುಖಗಳ ನಡುವೆ ಫ್ಲಕ್ಸ್ ಉಳಿದೇ ಉಳಿಯುತ್ತದೆ. ಬೆಸುಗೆ ಹರಿದ ಮೇಲೆ ಹತ್ತು ಹದಿನೈದು ಸೆಕೆಂಡ್ ಸಾಕು, ಶಕ್ತಿ ನಿಲ್ಲಿಸಿ. ಹೆಚ್ಚು ಕಾಯಿಸಿದರೆ ಸತು ಆವಿಯಾಗಿ ಬೆಸುಗೆ ತೂತು ಬೀಳುತ್ತದೆ.

ನಿರ್ವಾತ ಮಾರ್ಗ. ಫ್ಲಕ್ಸ್ ಇಲ್ಲದ ಕಾರಣ ಸ್ವಚ್ಛವಾದ ಜೋಡು ಸಿಗುತ್ತದೆ, ಒಂದೇ ಸಲ ಹಲವು ಭಾಗಗಳನ್ನು ಹಾಕಬಹುದು; ಎಸ್‌ಎಫ್6 ಕೋಣೆಯೊಳಗೆ ಹೋಗುವ ಭಾಗಗಳಿಗೆ ನನ್ನ ಒಲವು ಈ ಕಡೆಗೆ. ಒತ್ತಡ 10ರ ಘಾತ ಮೈನಸ್ 4 ಮಿಲಿಬಾರ್‌ಗಿಂತ ಕೆಳಗಿಳಿದ ಮೇಲೆ ನಿಮಿಷಕ್ಕೆ ಸುಮಾರು 10 ಡಿಗ್ರಿಯಂತೆ ಏರಿಸಿ. ನಡುವೆ ಅನಿಲ ಹೊರಬಂದು ಒತ್ತಡ ಏರಿದರೆ ಏರಿಕೆಯನ್ನು ತಡೆದು ಕಾಯಿರಿ. 740-750 ಡಿಗ್ರಿಯಲ್ಲಿ, ಅಂದರೆ ಬೆಸುಗೆ ಕರಗುವ ಬಿಂದುವಿನ ತುಸು ಕೆಳಗೆ, ಎಲ್ಲ ಭಾಗಗಳೂ ಸಮನಾದ ಬಿಸಿಗೆ ಬರುವವರೆಗೆ ನಿಲ್ಲಿಸಬೇಕು. ಉಷ್ಣಾಂಶ ಅಳೆಯುವ ಥರ್ಮೋಕಪಲ್ ಇರಬೇಕಾದದ್ದು ಕುಲುಮೆಯ ಗೋಡೆಯಲ್ಲಲ್ಲ, ಅತ್ಯಂತ ದಪ್ಪನೆಯ ತುಣುಕಿನಲ್ಲಿ ಕೊರೆದ ರಂಧ್ರದೊಳಗೆ. ಅಲ್ಲಿಂದ 800-820 ಡಿಗ್ರಿಗೆ ಬೇಗ ಏರಿಸಿ 5ರಿಂದ 10 ನಿಮಿಷ ಹಿಡಿದರೆ ಸಾಕು. ಇನ್ನೂ ಹೊತ್ತು ಹಿಡಿದರೆ ಬೆಳ್ಳಿಯೂ ನಿಧಾನವಾಗಿ ಆವಿಯಾಗುತ್ತದೆ, ಕರಗಿದ ಬೆಸುಗೆ ಬುಡದ ತಾಮ್ರವನ್ನು ತಿನ್ನುತ್ತ ಹೋಗುತ್ತದೆ.

ಹಂತ 7: ತಣಿಸುವುದು

ನೀರಿನಲ್ಲಿ ಅದ್ದಿ ತಣಿಸುವ ಆತುರ ಖಂಡಿತ ಬೇಡ. 50 ಮಿಲಿಮೀಟರ್ ವ್ಯಾಸದ ಜೋಡು 780 ಡಿಗ್ರಿಯಿಂದ ಕೋಣೆಯ ಬಿಸಿಗೆ ಇಳಿಯುವಾಗ ತಾಮ್ರ ತುದಿಗಿಂತ ಸುಮಾರು 0.3 ಮಿಲಿಮೀಟರ್ ಹೆಚ್ಚು ಕುಗ್ಗಲು ಬಯಸುತ್ತದೆ. ಬ್ರೇಜಿಂಗ್ ಬಿಸಿಯಲ್ಲಿ ಮೆತ್ತಗಾದ ಶುದ್ಧ ತಾಮ್ರ ನಿಧಾನವಾಗಿ ತಣಿದರೆ ತಾನೇ ಮಣಿದು ಈ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಥಟ್ಟನೆ ತಣಿಸಿದರೆ ಆ ಒತ್ತಡ ತಾಮ್ರ-ಟಂಗ್‌ಸ್ಟನ್‌ನ ಅಂಚಿನಲ್ಲಿ ಬಿರುಕಾಗಿ ಹೊರಬೀಳುತ್ತದೆ. ನಿರ್ವಾತ ಕುಲುಮೆಯಲ್ಲಿ 400 ಡಿಗ್ರಿಯವರೆಗೆ ನಿಧಾನಕ್ಕೆ ಇಳಿಸಿ, ಬಳಿಕ ಆರ್ಗಾನ್ ಬಿಡಬಹುದು; 100 ಡಿಗ್ರಿಗಿಂತ ಕೆಳಗಿಳಿಯುವ ತನಕ ಬಾಗಿಲು ತೆರೆಯಬೇಡಿ. ಇಂಡಕ್ಷನ್ ಮಾಡಿದ ತುಣುಕನ್ನು ಬೆಸುಗೆ ಗಟ್ಟಿಯಾಗುವವರೆಗೆ ಅಲುಗಿಸದೆ, ಗಾಳಿ ಬೀಸದ ಕಡೆ ಇಡಿ.

ಹಂತ 8: ಫ್ಲಕ್ಸ್ ತೊಳೆಯುವುದು

ನಿರ್ವಾತದಲ್ಲಿ ಮಾಡಿದವರು ಈ ಹಂತವನ್ನು ದಾಟಬಹುದು. ಉಳಿದವರಿಗೆ ಇದು ಬ್ರೇಜಿಂಗ್‌ನಷ್ಟೇ ಮುಖ್ಯ. ಫ್ಲಕ್ಸ್‌ನ ಶೇಷ ಗಾಳಿಯ ತೇವವನ್ನು ಹೀರಿ ಲೋಹವನ್ನು ತಿನ್ನುತ್ತದೆ. ಅನಿಲ ತುಂಬಿದ ಮುಚ್ಚಿದ ಕೋಣೆಯೊಳಗೆ ಅದು ತೇವವನ್ನು ಹೊತ್ತುಕೊಂಡೇ ಹೋಗುತ್ತದೆ, ಆ ತೇವ ಆರ್ಕ್‌ನಲ್ಲಿ ಒಡೆದ ಎಸ್‌ಎಫ್6ರ ಜೊತೆ ಸೇರಿ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. 60 ಡಿಗ್ರಿಗಿಂತ ಹೆಚ್ಚು ಬಿಸಿಯಿರುವ ನೀರಿನಲ್ಲಿ ಅರ್ಧ ಗಂಟೆಯಾದರೂ ನೆನೆಸಿ, ಬ್ರಶ್‌ನಿಂದ ಉಜ್ಜಿ, ಹೊಸ ನೀರಿನಲ್ಲಿ ಮತ್ತೆ ತೊಳೆಯಬೇಕು. ಕಪ್ಪಾಗಿ ಗಾಜಿನಂತೆ ಅಂಟಿಕೊಂಡ ಫ್ಲಕ್ಸ್ ಅತಿಯಾಗಿ ಕಾಯಿಸಿದ್ದರ ಕುರುಹು; ಅಂಥ ತುಣುಕನ್ನು ತೊಳೆದು ಮುಂದೆ ಕಳಿಸದೆ ಪರೀಕ್ಷೆಗೆಂದು ಬೇರೆ ಇಡಿ.

ಹಂತ 9: ಪರೀಕ್ಷೆ

ಕಣ್ಣಿಗೆ ಕಾಣುವುದರಿಂದ ಆರಂಭಿಸಿ. ಜೋಡಿನ ಸುತ್ತ ಬೆಸುಗೆಯ ನುಣುಪಾದ ಒಳಬಾಗಿದ ಅಂಚು ಎಲ್ಲಿಯೂ ಕಡಿಯದೆ ಕಾಣಬೇಕು. ಬೆಸುಗೆಯನ್ನು ಒಳಗೆ ಹಾಳೆಯಾಗಿ ಇಟ್ಟು, ಅಂಚಿನ ಸುತ್ತಲೂ ಅದು ಹೊರಬಂದಿದ್ದರೆ ಒಳಗೆ ಹರಿದಿದೆ ಎಂಬುದಕ್ಕೆ ಅದೊಂದು ಒಳ್ಳೆಯ ಸೂಚನೆ. ಹೊರಗಿನಿಂದ ತಂತಿಯನ್ನು ಹಿಡಿದು ಕರಗಿಸಿದ್ದರೆ ಅಂಚು ಏನನ್ನೂ ಸಾಬೀತುಪಡಿಸುವುದಿಲ್ಲ. ಹಾಳೆಯ ಪದ್ಧತಿಯನ್ನು ನಾನು ಮೆಚ್ಚುವುದಕ್ಕೆ ಇದೂ ಒಂದು ಕಾರಣ. ತುದಿಯ ಅಂಚಿನ ಬಿರುಕುಗಳಿಗೆ ಬಣ್ಣದ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ದ್ರವ) ಪರೀಕ್ಷೆ ಸಾಕು.

ಕೂಡಿಕೊಂಡ ವಿಸ್ತೀರ್ಣವನ್ನು ತೋರಿಸಬಲ್ಲದ್ದು ಅಲ್ಟ್ರಾಸೋನಿಕ್ ಪರೀಕ್ಷೆ. ಭಾಗವನ್ನು ನೀರಿನಲ್ಲಿ ಮುಳುಗಿಸಿ, 5ರಿಂದ 10 ಮೆಗಾಹರ್ಟ್ಸ್‌ನ ಕೇಂದ್ರೀಕೃತ ಪ್ರೋಬ್‌ನಿಂದ ಜೋಡಿನ ಮುಖವನ್ನು ಸಾಲು ಸಾಲಾಗಿ ಶೋಧಿಸಿ ನಕ್ಷೆ ತೆಗೆಯುತ್ತಾರೆ. ಇಲ್ಲಿ ಹೊಸಬರು ದಾರಿ ತಪ್ಪುವ ಜಾಗವೊಂದಿದೆ. ತಾಮ್ರ-ಟಂಗ್‌ಸ್ಟನ್‌ನ ಸಾಂದ್ರತೆ ತಾಮ್ರಕ್ಕಿಂತ ಬಹಳ ಹೆಚ್ಚು. ಹಾಗಾಗಿ ಪೂರ್ತಿಯಾಗಿ ಕೂಡಿಕೊಂಡ ಜೋಡಿನಿಂದಲೂ ಸ್ವಲ್ಪ ಪ್ರತಿಧ್ವನಿ ಬಂದೇ ಬರುತ್ತದೆ. ಪ್ರತಿಧ್ವನಿ ಇದೆ ಎಂದ ಮಾತ್ರಕ್ಕೆ ಟೊಳ್ಳು ಇದೆ ಎಂದಲ್ಲ. ಅದರ ಎತ್ತರ ಎಷ್ಟು ಎಂಬುದೇ ನಿರ್ಣಾಯಕ. ಆ ಅಳತೆಗೋಲಿಗಾಗಿ ಅದೇ ವಸ್ತುಗಳಿಂದ, ಅದೇ ದಪ್ಪದಲ್ಲಿ ಮಾಡಿದ ಒಳ್ಳೆಯ ಜೋಡಿನಲ್ಲಿ ಬುಡದ ಕಡೆಯಿಂದ ಜೋಡಿನ ಮುಖದವರೆಗೆ ಗೊತ್ತಿರುವ ವ್ಯಾಸದ ಚಪ್ಪಟೆ ತಳದ ರಂಧ್ರಗಳನ್ನು ಕೊರೆದು ಮಾದರಿಯೊಂದನ್ನು ಇಟ್ಟುಕೊಳ್ಳಬೇಕು. ದೊಡ್ಡ ಕಣಗಳುಳ್ಳ ತಾಮ್ರ ಧ್ವನಿಯನ್ನು ಚದುರಿಸುವುದರಿಂದ ಪ್ರೋಬನ್ನು ಸಾಧ್ಯವಾದಷ್ಟೂ ತುದಿಯ ಕಡೆಯಿಂದ ಇಡಿ.

ಎಷ್ಟು ಟೊಳ್ಳಿಗೆ ಒಪ್ಪಿಗೆ ಎಂಬುದನ್ನು ಡ್ರಾಯಿಂಗ್ ನಿರ್ಧರಿಸಬೇಕು. ದೋಷಗಳ ವರ್ಗೀಕರಣಕ್ಕೆ ಐಎಸ್‌ಒ 18279 ನೆರವಾಗುತ್ತದೆ. ಶೇಕಡಾವಾರು ಅಂಕಿಯೊಂದನ್ನೇ ಬರೆದು ಬಿಡುವ ಡ್ರಾಯಿಂಗ್‌ಗಳು ಅಪೂರ್ಣ ಎನ್ನುತ್ತೇನೆ. ಚದುರಿದ ಸಣ್ಣ ಚುಕ್ಕೆಗಳಾಗಿ ಹರಡಿದ ಟೊಳ್ಳಿಗೂ, ಅಷ್ಟೇ ವಿಸ್ತೀರ್ಣದ, ಹೊರ ಅಂಚಿಗೆ ತೆರೆದುಕೊಂಡ ಒಂದೇ ಟೊಳ್ಳಿಗೂ ಅಜಗಜಾಂತರವಿದೆ: ಬಿರುಕು ಹೊರಡುವುದು ಎರಡನೆಯದರಿಂದ. ಒಟ್ಟು ವಿಸ್ತೀರ್ಣ, ಒಂದೊಂದು ಟೊಳ್ಳಿನ ಗರಿಷ್ಠ ಅಳತೆ, ಅಂಚಿನಿಂದ ಇರಬೇಕಾದ ದೂರ ಈ ಮೂರೂ ಡ್ರಾಯಿಂಗಿನಲ್ಲಿ ಇರಬೇಕು.

ಪ್ರತಿ ಹೊಸ ವಿನ್ಯಾಸಕ್ಕೂ, ಬೆಸುಗೆ ಲೋಹ ಅಥವಾ ಕಾಯಿಲ್ ಬದಲಾದಾಗಲೂ, ಕೆಲವು ತುಣುಕುಗಳನ್ನು ಕತ್ತರಿಸಿ ನೋಡಬೇಕು. ಕತ್ತರಿಸಿದ ಮುಖವನ್ನು ಪಾಲಿಶ್ ಮಾಡಿ ಸೂಕ್ಷ್ಮದರ್ಶಕದಲ್ಲಿ ಬೆಸುಗೆಯ ದಪ್ಪ, ಅದು ಟಂಗ್‌ಸ್ಟನ್ ಕಣಗಳನ್ನು ಅಪ್ಪಿಕೊಂಡಿದೆಯೇ ಎಂಬುದನ್ನು ಪರಿಶೀಲಿಸಿ. ಇನ್ನೊಂದನ್ನು ಒತ್ತುಯಂತ್ರದಲ್ಲಿ ಪಕ್ಕಕ್ಕೆ ತಳ್ಳಿ ಮುರಿಯಿರಿ. ತಾಮ್ರ ಹರಿದರೆ ಜೋಡು ಒಳ್ಳೆಯದು. ತುದಿಯ ಮುಖದಿಂದ ಬೆಸುಗೆ ಸಿಪ್ಪೆಯಂತೆ ಎದ್ದುಬಂದು ಬೂದು ಬಣ್ಣದ ಟಂಗ್‌ಸ್ಟನ್ ಕಂಡರೆ ಹಂತ 4ಕ್ಕೆ ಮರಳಬೇಕು. ಮುರಿದ ಮುಖದಲ್ಲಿ ಗಾಜಿನಂತಹ ಫ್ಲಕ್ಸ್ ಕಂಡರೆ ಸಂದು ಇಲ್ಲವೇ ಸರಿಸುವಿಕೆ ಸಾಲದಾಗಿದೆ ಎಂದರ್ಥ.

ಬುಡದ ಗಡಸುತನವನ್ನೂ ಅಳೆಯಿರಿ. ಮೈಕ್ರೋ ಓಮ್ ಅಳತೆಯನ್ನು ನಾಲ್ಕು ತಂತಿಯ ಪದ್ಧತಿಯಲ್ಲಿ ಮಾಡಿ ದಾಖಲಿಸುವುದು ಒಳ್ಳೆಯದೇ, ಒಂದಿಷ್ಟೂ ಕೂಡಿಕೊಳ್ಳದ ಜೋಡನ್ನು ಅದು ಹಿಡಿದುಕೊಡುತ್ತದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ನಿರೀಕ್ಷಿಸಬಾರದು.

ಹಂತ 10: ಅಂತಿಮ ಕೊರೆತ ಮತ್ತು ಲೇಪನ

ಬ್ರೇಜಿಂಗ್‌ನಲ್ಲಿ ಭಾಗ ಕೊಂಚ ವಕ್ರವಾಗುವುದು ಸಹಜ, ಆದ್ದರಿಂದ ಅಂತಿಮ ಅಳತೆಗೆ ಕೊರೆಯುವುದು ಬ್ರೇಜಿಂಗ್ ಆದ ಮೇಲೆಯೇ. ಕೊರೆಯುವಾಗ ತಾಮ್ರದಿಂದ ತಾಮ್ರ-ಟಂಗ್‌ಸ್ಟನ್‌ಗೆ ಟೂಲ್ ದಾಟುವ ಜಾಗದಲ್ಲಿ ಆಳ ಕಡಿಮೆ ಇರಲಿ, ಅಂಚು ಸಿಡಿಯದಿರಲಿ. ಬೆಳ್ಳಿ ಲೇಪನ ಎಲ್ಲಕ್ಕಿಂತ ಕೊನೆಯ ಕೆಲಸ, ಏಕೆಂದರೆ ಮೊದಲೇ ಲೇಪಿಸಿದರೆ ಬ್ರೇಜಿಂಗ್ ಬಿಸಿಗೆ ಅದು ಗುಳ್ಳೆಯೆದ್ದು ತಾಮ್ರದೊಳಕ್ಕೆ ಇಂಗಿಹೋಗುತ್ತದೆ. ಲೇಪನಕ್ಕೆ ಕಳಿಸುವ ಮುನ್ನ ಜೋಡಿನ ಅಂಚಿನಲ್ಲಿ ತೆರೆದ ತೂತುಗಳಿಲ್ಲ ಎಂಬುದನ್ನು ಮತ್ತೊಮ್ಮೆ ನೋಡಿಕೊಳ್ಳಿ. ಅಲ್ಲಿ ಹೊಕ್ಕ ಲೇಪನದ ದ್ರಾವಣ ತಿಂಗಳುಗಳ ಬಳಿಕವೂ ಒಸರುತ್ತಿರುತ್ತದೆ. ಗಾಳಿ ಹೋಗಲು ಕೊಟ್ಟ ರಂಧ್ರವನ್ನೂ ಲೇಪನದ ಹೊತ್ತಿಗೆ ಬಿರಡೆಯಿಂದ ಮುಚ್ಚಿ, ಬಳಿಕ ತೆಗೆದು ಒಳಗನ್ನು ಒಣಗಿಸಬೇಕು.

ಸೇವೆಯಿಂದ ಮರಳಿದ ಹಳೆಯ ಕಾಂಟ್ಯಾಕ್ಟ್‌ಗಳಿಗೆ ಹೊಸ ತುದಿ ಬ್ರೇಜ್ ಮಾಡುವ ಬೇಡಿಕೆಯೂ ಬರುತ್ತದೆ. ಎಸ್‌ಎಫ್6 ಬ್ರೇಕರ್‌ನಿಂದ ಬಂದ ಭಾಗದ ಮೇಲಿನ ಬೂದು-ಬಿಳಿ ಪುಡಿಯಲ್ಲಿ ಲೋಹದ ಫ್ಲೋರೈಡ್‌ಗಳಿರುತ್ತವೆ. ಅದನ್ನು ಕೈಗವಸು ಮತ್ತು ಸೂಕ್ತ ಮುಖವಾಡವಿಲ್ಲದೆ ಮುಟ್ಟಬಾರದು, ಪೂರ್ತಿಯಾಗಿ ತೆಗೆದು ತಟಸ್ಥಗೊಳಿಸದೆ ಕಾಯಿಸಲೇಬಾರದು. ಹಳೆಯ ಬೆಸುಗೆ ಯಾವುದೆಂದು ಗೊತ್ತಿಲ್ಲದಿದ್ದರೆ ಅದರಲ್ಲಿ ಕ್ಯಾಡ್ಮಿಯಂ ಇದೆ ಎಂದೇ ಭಾವಿಸಿ, ಆ ಪದರವನ್ನು ಕರಗಿಸಿ ಬಿಡಿಸುವ ಬದಲು ಹೊಗೆಯೇಳದಂತೆ ನಿಧಾನವಾಗಿ ಕೊರೆದು ತೆಗೆದು, ಬುಡದ ಮುಖವನ್ನು ಹೊಸದಾಗಿ ಸಿದ್ಧಪಡಿಸಿ. ಕೊರೆದುಬಂದ ಚೂರುಗಳನ್ನು ಉಳಿದ ತಾಮ್ರದ ಚೂರಿನೊಡನೆ ಬೆರೆಸದೆ ಪ್ರತ್ಯೇಕ ಡಬ್ಬದಲ್ಲಿ ಗುರುತು ಹಾಕಿ ಇಡಬೇಕು.